ಎರಡು ಸಲ ಸಾಬೀತಾದ ಸುಳ್ಳು

ಕಾಗದ, ಪೆನ್ನು ಹಿಡಿದವರನ್ನು ಕಂಡರೆ ವೆಂಕಟೇಶಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ಬೆಳಗಿನ ರೈಲು ಹಿಡಿದು ಚಿನ್ನದ ಗಣಿಗೆ ಬರುತ್ತಿದ್ದ ಮೇಸ್ತ್ರಿ ಅವನು. ನೆಲದಾಳದಲ್ಲಿ ಅದಿರು ತುಂಬುವ ಒಂದು ಗ್ಯಾಂಗು ಅವನ ಕೈಕೆಳಗಿತ್ತು. ಎಂಬತ್ತರ ದಶಕದ ಆ ದಿನಗಳಲ್ಲಿ ಗಣಿ ಇವತ್ತು ಮುಚ್ಚುತ್ತದೆ, ನಾಳೆ ಮುಚ್ಚುತ್ತದೆ ಎಂಬ ಗಾಳಿಮಾತಿಗೆ ಬರವಿರಲಿಲ್ಲ. ಕಾಗದ ಹಿಡಿದು ಯಾರು ಕೆಳಗಿಳಿದರೂ ಸರಿ, ಗಣಿ ಮುಚ್ಚಲು ವರದಿ ಬರೆಯೋಕೆ ದಿಲ್ಲಿಯಿಂದ ಬಂದವನೇ ಎಂದು ಎಲ್ಲರೂ ನಂಬುತ್ತಿದ್ದರು, ಅವನೆದುರು ಮೈಮುರಿದು ದುಡಿಯುತ್ತಿದ್ದರು. ಮೊದಮೊದಲು ವೆಂಕಟೇಶಪ್ಪನೂ ಹಾಗೇ ನಂಬಿದ್ದ.

ಹಾಗೆ ಬಂದವನೊಬ್ಬ ಬೆಂಗಳೂರಿನ ಮ್ಯಾನೇಜ್‌ಮೆಂಟ್ ಪ್ರೊಫೆಸರು. ಊಟವಾದ ಮೇಲಿನ ಅರ್ಧ ಗಂಟೆ ವಿಶ್ರಾಂತಿ ತೆಗೆದು, ಬದಲಿಗೆ ಆಗಾಗ ಎರಡೆರಡು ನಿಮಿಷ ಬಿಡುವು ಕೊಟ್ಟರೆ ಕೆಲಸ ಹೆಚ್ಚುತ್ತದೆ ಎಂಬುದು ಅವನ ಸಿದ್ಧಾಂತ. ಒಂದು ವಾರ ಪಕ್ಕದಲ್ಲೇ ನಿಂತು ಪರೀಕ್ಷೆ ಮಾಡಿದ. ಕೆಲಸ ಹೆಚ್ಚದೆ ಇನ್ನೇನಾದೀತು? ಹೊಟ್ಟೆಪಾಡಿನ ಭಯ ಹಿಡಿದವರು ಬೆಟ್ಟ ಬೇಕಾದರೂ ಹೊರುತ್ತಾರೆ. ಪ್ರೊಫೆಸರು ಸಂಶೋಧನೆಯನ್ನು ಅಚ್ಚು ಹಾಕಿಸಿದ. ಅದನ್ನು ನಂಬಿ ಮೇಲಿನವರು ಆ ಅರ್ಧ ಗಂಟೆಯನ್ನು ಕಿತ್ತುಕೊಂಡರು. ಥೂ, ಇದನ್ನು ವಿದ್ಯೆ ಅನ್ನುತ್ತಾರಂತೆ!

ಏಟು ಬಿದ್ದದ್ದು ಪೆರುಮಾಳ್‌ಗೆ. ಗಣಿ ಪಕ್ಕದ ಚಾಂಪಿಯನ್ ರೀಫ್ಸಿನಲ್ಲಿ ಕೂಲಿಗಳ ಲೈನುಮನೆಯಲ್ಲಿದ್ದ ಅವನು ಗ್ಯಾಂಗಿನಲ್ಲೇ ಹಳಬ. ಕಲ್ಲುಧೂಳು ಕುಡಿದ ಎದೆ. ಆ ಸೆಕೆಯಲ್ಲಿ ಬಂಡೆಗೊರಗಿ ಉಸಿರು ಎಳೆದುಕೊಳ್ಳಲು ಅವನಿಗೆ ಆ ಅರ್ಧ ಗಂಟೆಯೇ ಆಸರೆಯಾಗಿತ್ತು. ಅದು ಹೋದ ಮೇಲೆ ಕೆಮ್ಮಿದರೆ ನೆತ್ತರು ಬರುತ್ತಿತ್ತು.

ಎರಡು ವರ್ಷ ಕಳೆಯಿತು. ಪ್ರೊಫೆಸರಿಗೆ ಸಿಕ್ಕ ಫಲಿತಾಂಶ ಮತ್ತೆ ಸಿಗುತ್ತದೋ ಇಲ್ಲವೋ ನೋಡಲು ಬೇರೆ ಕಾಲೇಜಿನಿಂದ ಶ್ರೀನಿವಾಸಪ್ಪ ಎಂಬ ಸಂಶೋಧಕ ಬರುತ್ತಾನೆಂದು ಗೊತ್ತಾಯಿತು. ಸಿಗದಿದ್ದರೆ ಹಳೇ ವಿಶ್ರಾಂತಿ ವಾಪಸ್ಸು ಕೊಡುತ್ತೇವೆ ಎಂದು ಮ್ಯಾನೇಜರು ಒಪ್ಪಿದ್ದರು. ವೆಂಕಟೇಶಪ್ಪ ಗ್ಯಾಂಗನ್ನು ಕೂರಿಸಿಕೊಂಡು ಅಂಗಲಾಚಿದ.

“ನೋಡ್ರಲಾ, ಇವ್ನು ಗಣಿ ಮುಚ್ಚಾಕೆ ಬಂದೋನಲ್ಲ. ದಿನಾ ಎಂಗ್ ಮಾಡ್ತೀರೋ ಅಂಗೇ ಮಾಡಿ. ಜಾಸ್ತಿ ಮಾಡಿದ್ರೆ ಪೆರುಮಾಳ್‌ನ ನಾವೇ ಸಾಯ್ಸಿದಂಗೆ.”

ಎಲ್ಲರೂ ತಲೆಯಾಡಿಸಿದರು.

ಶ್ರೀನಿವಾಸಪ್ಪ ಬಂದು ಗಡಿಯಾರ, ಕಾಗದ ಹಿಡಿದು ನಿಂತ. ಸ್ವಲ್ಪ ಹೊತ್ತು ಎಲ್ಲ ಸರಿಯಾಗಿತ್ತು. ಆಮೇಲೆ ಒಂದು ಸಲಿಕೆ ಜೋರಾಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಕೊನೆಗೆ ಗ್ಯಾಂಗಿಗೆ ಗ್ಯಾಂಗೇ ದೆವ್ವ ಹೊಕ್ಕಂತೆ ಅದಿರು ತುಂಬತೊಡಗಿತು. ವಾರಪೂರ್ತಿ ಇದೇ ಹಾಡು.

“ಪ್ರೊಫೆಸರ್ ಹೇಳಿದ್ದೇ ನಿಜ. ಎರಡನೇ ಸಲವೂ ಅದೇ ಫಲಿತಾಂಶ ಬಂತು!” ಎಂದು ಶ್ರೀನಿವಾಸಪ್ಪ ಹಿಗ್ಗಿದ.

ವೆಂಕಟೇಶಪ್ಪ ಅಡ್ಡ ನಿಂತ. “ಸಾಮೀ, ಅದು ಬಿಡುವಿಂದ ಬಂದಿದ್ದಲ್ಲ, ಬಯದಿಂದ ಬಂದಿದ್ದು. ನೀವು ನಿಂತ್ಕಂಡು ನೋಡ್ತಿದ್ರಲ್ಲ, ಅದ್ಕೆ. ನೀವಿಲ್ದಾಗ ನೋಡಿ, ಗೊತ್ತಾಯ್ತದೆ.”

“ನಾನಿಲ್ಲದಾಗ ನಾನು ನೋಡೋದು ಹೇಗಪ್ಪ?” ಶ್ರೀನಿವಾಸಪ್ಪ ನಕ್ಕು, ಕಾಗದ ಮಡಚಿಕೊಂಡು ಹೊರಟುಹೋದ.

ವೆಂಕಟೇಶಪ್ಪ ನೆಲಕ್ಕೆ ಉಗಿದ. ಕಲಿತವರ ಮೇಲಿನ ಹೇಸಿಗೆ ತಿರುಗಿ ತನ್ನವರ ಮೇಲೇ ಬಿತ್ತು. ಕೊಟ್ಟ ಮಾತನ್ನು ಮೊದಲು ಮುರಿದವನು ಯಾರೆಂದು ಅವನು ಕಣ್ಣಾರೆ ಕಂಡಿದ್ದ. ನೇರ ಪೆರುಮಾಳ್ ಹತ್ತಿರ ಹೋದ.

“ಲೇ, ನಿಂಗೋಸ್ಕರಾನೇ ಅಲ್ವೇನ್ಲಾ ನಾನು ಬಡ್ಕಂಡಿದ್ದು? ನೀನೇ ಮೊದ್ಲು ಸಲಿಕೆ ಜೋರು ಮಾಡಿದ್ಯಲ್ಲೋ!”

ಪೆರುಮಾಳ್ ಕೆಮ್ಮಿ, ಬಾಯಿ ಒರೆಸಿಕೊಂಡ.

“ನೀನೇಳಿದ್ದು ನಿಜ ಇರ್ಬೋದಣ್ಣಾ. ಆದ್ರೆ ಅವ್ನು ಮುಚ್ಚಾಕೇ ಬಂದೋನಾಗಿದ್ರೆ? ಈ ಕೆಮ್ಮು ಇಟ್ಕಂಡೋನ್ಗೆ ಇನ್ಯಾವನು ಕೆಲ್ಸ ಕೊಡ್ತಾನೆ?”