ಅಕ್ಕ ಕೊಟ್ಟ ಕಾಫಿ ಬೀಜ

ನಾ ನಟ್ಟದ್ದು ಹತ್ತೂದಿಲ್ಲ, ನನ್ನ ಕೈಗುಣ ಕೆಟ್ಟದ್ದು ಅಂತ ವಡಗಾವಿಯ ನಮ್ಮ ಓಣಿಗೆಲ್ಲ ಸುದ್ದಿ ಹಬ್ಬಿತ್ತು. ಹಬ್ಬಿಸಿದಾಕಿ ಹೊರಗಿನವಳಲ್ಲ, ನನ್ನ ಒಡಹುಟ್ಟಿದ ಅಕ್ಕ. ಎಪ್ಪತ್ತರ ದಶಕದ ಕೊನೆಗೆ ನಡೆದದ್ದು.

ಅಕ್ಕನ್ನ ಖಾನಾಪುರಕ್ಕೆ ಕೊಟ್ಟಿದ್ದರು. ಅವಳ ಹಿತ್ತಲದಾಗ ಹಲಸಿನ ನೆರಳಿಗೆ ಒಂದು ಕಾಫಿ ಗಿಡ ಇತ್ತು. ಹಣ್ಣು ಕೆಂಪಾದ ಮ್ಯಾಲೆ ತಾನೇ ಒಣಗಿಸಿ, ಹುರಿದು, ಕುಟ್ಟಿ ಕಾಫಿ ಮಾಡತಿದ್ದಳು. ಎಲ್ಲಾರೂ ಚಹಾ ಕುಡಿಯೋ ಊರು. ಆ ಕಾಫಿ ಸಲುವಾಗೇ ಮಂದಿ ಅವಳ ಮನಿಗೆ ಬರತಿದ್ದರು.

ನನಗೂ ಆಸೆ ಆತು. ಬೀಜ ಕೇಳಿದೆ. ನಗನಗತ ಅರಿವಿಯಾಗ ಕಟ್ಟಿ ಕೊಟ್ಟಳು. ಬಾವಿ ಬಾಜೂಕ ಹಾಕಿದೆ. ಮಳಿಗಾಲ ಪೂರ್ತಿ ಕಾದರೂ ಮೊಳಕಿ ಇಲ್ಲ. ಮರುವರ್ಷನೂ ಹಂಗ.

ನಮ್ಮತ್ತಿ ಎದುರಿಗೇ ಅಕ್ಕ ಅಂದಳು: "ಬೀಜ ಛಲೋನ ಅದಾವರಿ ಅವ್ವಾರ. ಇಕೀ ಕೈಗುಣನ ಸುಮಾರ."

ನಮ್ಮದು ನೇಯೋ ಮನಿ. ಅವತ್ತಿಂದ ಮಗ್ಗಕ್ಕ ಹೊಸ ಹಾಸಿನ ನೂಲು ಏರಿಸಿ ಕೆಲಸ ಸುರು ಮಾಡುವಾಗ ಅತ್ತಿ ನನಗ ಮುಟ್ಟಗೊಡಲಿಲ್ಲ. "ನೀ ಒಲಿ ಮುಂದ ಇರವಾ," ಅಂದು ಇನ್ನೊಬ್ಬ ಸೊಸಿ, ನನ್ನ ನೆಗೆಣ್ಣಿನ್ನ ಕರೀತಿದ್ದಳು. ಆಮ್ಯಾಲೆ ದಿನಾ ಕುಂತು ನೇಯಾಕ ಮಾತ್ರ ನಾ ಬೇಕು.

ಮೂರನೇ ಸಲ ಬೀಜ ತರಾಕ ಹೋದೆ. ನನ್ನ ಒಳಗ ಕುಂದರಿಸಿ ಅಕ್ಕ ಹಿತ್ತಲಕ್ಕ ಹೋದಳು. ಕೈಕಾಲು ತೊಳಕೊಳ್ಳಾಕ ನಾನೂ ಹಿಂದ ಹೋದರ, ಬಚ್ಚಲದ ಹಂಡೇದಾಗಿನ ಕುದಿಯೋ ನೀರು ತೋಡಿ ಬೀಜದ ಮ್ಯಾಲೆ ಸುರೀತಿದ್ದಳು.

"ಇದೇನ ಅಕ್ಕಾ?"

"ಹುಳ ಹತ್ತಬಾರದಂತ."

"ಬೀಜ ಸತ್ತ ಮ್ಯಾಲೆ ಹುಳಕ್ಕೇನ ಕೆಲಸ?"

ಅಕೀಗೆ ಸಿಟ್ಟು ಬಂತು. "ಎಲ್ಲಾರ ಹಿತ್ತಲದಾಗೂ ಬೆಳದ್ರ ನನ್ನ ಮನಿಗೆ ಯಾರ ಬರ್ತಾರ?"

ಗಿಡದ ಬುಡಕ್ಕ ಹಣ್ಣು ಉದುರಿ ತಾವೇ ಹುಟ್ಟಿದ ಸಸಿ ಇದ್ದವು. ಒಂದನ್ನ ಮಣ್ಣು ಸಮೇತ ಕಿತ್ತುಕೊಂಡೆ. "ಬಂದು ನಮ್ಮತ್ತಿ ಮುಂದ ಖರೇ ಹೇಳು," ಅಂದೆ. ಬರತೇನಿ ಅಂದಳು.

ಅಕಿ ಬರೋದರೊಳಗ ನಾ ನಟ್ಟ ಸಸಿ ಮೊಣಕಾಲಮಟ ಬೆಳೆದಿತ್ತು. ಅತ್ತಿ ನೇರಾನ ಕೇಳಿದಳು: "ನಿನ್ನ ತಂಗಿ ಹೇಳೂದು ಖರೇ ಏನವಾ? ಬೀಜಕ್ಕ ಕುದಿಯೋ ನೀರು ಹಾಕಿದ್ದಿ?"

ಅಕ್ಕ ನನ್ನ ಮಾರಿ ಸೈತ ನೋಡಲಿಲ್ಲ. "ಅಯ್ಯ, ಒಡಹುಟ್ಟಿದಾಕಿಗೆ ಯಾರರ ಹಂಗ ಮಾಡ್ತಾರೇನ್ರಿ? ಈ ಸಸಿ ನಾನ ನನ್ನ ಕೈಲೆ ಕಿತ್ತು ಕೊಟ್ಟೇನಿ. ಅದಕ್ಕ ಹತ್ತೇತಿ."

ಅತ್ತಿ ಹೌದು ಹೌದು ಅಂತ ತಲಿ ಆಡಿಸಿದಳು.

ಅಕ್ಕನ ಮುಂದಿನ ಚಹಾದ ಕಪ್ಪು ಎತ್ತಿಕೊಂಡು ಹೋಗಿ ಬಚ್ಚಲಕ್ಕ ಚೆಲ್ಲಿದೆ. ಅಕಿ ಇನ್ನೂ ಅರ್ಧಾನೂ ಕುಡಿದಿರಲಿಲ್ಲ.