ಕಾಲುಚೀಲ ಹಾಕಿಕೊಂಡೇ ಮಲಗುತ್ತಿದ್ದವರು

ಮೊದಲು ಕಂಡದ್ದು ಇವರ ಕಾಲುಚೀಲದ ಮೇಲಿನ ಕಲೆ. ಒಗೆಯಲು ಹಾಕುವಾಗ ನೋಡಿದೆ. ರಕ್ತ.

"ರೀ, ಇದೇನು?" ಎಂದೆ. ಇವರಿಗೆ ಗೊತ್ತೇ ಇರಲಿಲ್ಲ. ಶುಗರ್‌ನಿಂದ ಎಡಗಾಲಿನ ಸ್ಪರ್ಶವೇ ಹೋಗಿತ್ತು.

ಆ ಕಾಲಿನಲ್ಲಿ ಮೊದಲೇ ಎರಡು ಬೆರಳಿಲ್ಲ. ಯುದ್ಧದಲ್ಲಿ ಹಿಮಕ್ಕೆ ಹೋದವು. ಮದುವೆಯಾದ ಹೊಸದರಲ್ಲಿ ಸೆಕೆಗಾಲದಲ್ಲೂ ಕಾಲುಚೀಲ ಹಾಕಿಕೊಂಡೇ ಮಲಗುತ್ತಿದ್ದರು. ಕೇಳಿದರೆ ಗೋಡೆಯ ಕಡೆ ತಿರುಗುತ್ತಿದ್ದರು. ಸೈನ್ಯದಿಂದ ನಿವೃತ್ತರಾಗಿ ಮಯೂರ್ ವಿಹಾರದ ಫ್ಲಾಟಿಗೆ ಬಂದ ಮೇಲೆ ವರಸೆಯೇ ಬದಲಾಯಿತು. ಸೊಸೈಟಿಯ ಧ್ವಜಾರೋಹಣದ ದಿನ ಬೂಟು ಬಿಚ್ಚಿ ಮಕ್ಕಳಿಗೆ ತೋರಿಸುವುದೇನು, ಪದಕ ಮುಟ್ಟಿಸುವುದೇನು! "ಫೌಜಿ ಅಂಕಲ್ ಜಿಂದಾಬಾದ್" ಎಂದು ಮಕ್ಕಳು ಕೂಗಿದರೆ ನನಗೆ ಮುಜುಗರ. ಈಚೆಗೆ ಅದೂ ನಿಂತಿತ್ತು. ಹಿಂದಿನ ಸಾಲಿನಲ್ಲಿ ನಿಂತು ಸುಮ್ಮನೆ ಬಂದುಬಿಡುತ್ತಿದ್ದರು. ವಯಸ್ಸಾಯಿತು ಅಂದುಕೊಂಡೆ. ಮಲಗುವಾಗಿನ ಕಾಲುಚೀಲ ಮಾತ್ರ ಎಂದೂ ತಪ್ಪಲಿಲ್ಲ.

ಗ್ಯಾಂಗ್ರೀನ್.

ಮೊಣಕಾಲಿನ ಕೆಳಗೆ ತೆಗೆಯಬೇಕು, ತಡಮಾಡಿದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರ್. ಇವರು ಕನ್ಸೆಂಟ್ ಫಾರ್ಮ್ ಮಡಚಿ ಆಸ್ಪತ್ರೆಯ ದಿಂಬಿನ ಕೆಳಗಿಟ್ಟರು.

"ಈ ಕಾಲು ಕೊಡಲ್ಲ ಶಾರದಾ. ಇದು ನಂದಲ್ಲ."

ಜ್ವರದ ಬಡಬಡಿಕೆ ಅಂದುಕೊಂಡೆ. ಅಲ್ಲ. ಯುದ್ಧದ ಆ ದಿನ ಹಿಮದಲ್ಲಿ ಜೊತೆಗಾರ ಯಶಪಾಲ್ ಇವರ ಪಕ್ಕದಲ್ಲೇ ತೀರಿಕೊಂಡಿದ್ದರಂತೆ. ಇವರ ಕಾಲುಚೀಲ ಒದ್ದೆಯಾಗಿತ್ತು. ಯಶಪಾಲರ ಬೂಟು ಬಿಚ್ಚಿ, ಒಣಗಿದ್ದ ಉಣ್ಣೆಯ ಕಾಲುಚೀಲ ಎಳೆದು ಹಾಕಿಕೊಂಡರಂತೆ. ಹಾಗಾಗಿ ಹೋದದ್ದು ಎರಡೇ ಬೆರಳು.

"ಸತ್ತವನ ಕಾಲಿಂದ ಕಿತ್ಕೊಂಡೆ. ಆಮೇಲೆ ಮಕ್ಕಳ ಕೈಲಿ ಚಪ್ಪಾಳೆ ಹೊಡೆಸ್ಕೊಂಡೆ."

ಇಷ್ಟು ವರ್ಷ ಒಂದೇ ಮಂಚದಲ್ಲಿ ಮಲಗಿದ ನನಗೆ ಇದು ಗೊತ್ತಿರಲಿಲ್ಲ. ಅಳು ಬಂತು. ನನಗೂ ಹೇಳಲಿಲ್ಲವಲ್ಲ ಎಂದು ಸಿಟ್ಟೂ ಬಂತು.

ಯಶಪಾಲರ ಹೆಂಡತಿ ಇರುವುದು ಘಾಜಿಯಾಬಾದಿನಲ್ಲಿ. ಇಷ್ಟು ಹತ್ತಿರ. ನಂಬರ್ ಇವರ ಡೈರಿಯಲ್ಲೇ ಇತ್ತು, ಒಮ್ಮೆಯೂ ಹೋದವರಲ್ಲ. ನಾನೇ ಫೋನ್ ಮಾಡಿ ಎಲ್ಲ ಹೇಳಿದೆ. ಯಾವ ಆಸ್ಪತ್ರೆ ಎಂದು ಕೇಳಿಕೊಂಡರು. ಮರುದಿನ ಅವರೇ ವಾರ್ಡಿಗೆ ಬಂದರು. ಇವರು ಮುಖ ಎತ್ತಲಿಲ್ಲ. ಆಕೆ ಸ್ಟೂಲ್ ಎಳೆದು ಕೂತು ಬ್ಯಾಂಡೇಜ್ ನೋಡಿದರು.

"ಮೈನೇ ಬುನೇ ಥೇ," ಎಂದರು. ಆ ಜೋಡಿ ಹೆಣೆದದ್ದು ಆಕೆಯೇ. ಆಮೇಲೆ ಕೇಳಿದ್ದು ಒಂದೇ ಮಾತು.

"ಗರಮ್ ತೋ ಥೇ ನಾ, ಭಾಯಿಸಾಬ್?"

ಬೆಚ್ಚಗಿದ್ದವು ತಾನೇ?

ಇವರು ಹೂಂ ಎಂದರು. ಮತ್ತೆ ಮತ್ತೆ ಹೂಂ ಎಂದರು. ಅವತ್ತು ಸಂಜೆ ಡಾಕ್ಟರ್ ರೌಂಡ್ಸಿಗೆ ಬಂದಾಗ ದಿಂಬಿನ ಕೆಳಗಿನ ಫಾರ್ಮನ್ನು ತಾವೇ ತೆಗೆದುಕೊಟ್ಟರು. ಸಹಿ ಆಗಿತ್ತು.

ಮನೆಗೆ ಬಂದು ಆರು ವಾರವಾಯಿತು. ಇಲ್ಲದ ಕಾಲು ಉರಿಯುತ್ತದೆ ಎನ್ನುತ್ತಾರೆ. ವಾಕರ್ ಹಿಡಿದು ಬಾತ್‌ರೂಮಿನವರೆಗೆ ಹೋಗಿಬರುತ್ತಾರೆ. ಮುಂದಿನದನ್ನು ಡಾಕ್ಟರೂ ಗಟ್ಟಿಯಾಗಿ ಹೇಳುತ್ತಿಲ್ಲ. ಇಷ್ಟಾದರೂ ಆಯಿತಲ್ಲ ಎಂದುಕೊಳ್ಳುತ್ತೇನೆ. ನಿನ್ನೆ ಊಟವಾದ ಮೇಲೆ ಮಲಗುವಾಗ, ಈ ಚಳಿಯಲ್ಲಿ, ಬಲಗಾಲಿಗೆ ಕಾಲುಚೀಲ ಹಾಕಲು ಹೋದೆ.

"ಬೇಡ. ಹಾಗೇ ಇರ್ಲಿ ಬಿಡು," ಎಂದು ಕಣ್ಣು ಮುಚ್ಚಿದರು.

ಬರಿಗಾಲಿನಲ್ಲಿ ಇವರು ನಿದ್ದೆಹೋದದ್ದನ್ನು ಮೊದಲ ಸಲ ನೋಡಿದೆ. ಸ್ವಲ್ಪ ಹೊತ್ತು ಬಿಟ್ಟು ರಜಾಯಿಯೊಳಗೆ ಕೈಹಾಕಿ ಮುಟ್ಟಿದೆ. ಬೆಚ್ಚಗಿತ್ತು.