ಬಿಳಿ ಪರದೆಯ ಹಿಂದಿನ ಲೈಟು

ಸತ್ಯನಾರಾಯಣಪೇಟೆಯ ನನ್ನ ಸ್ಟುಡಿಯೋದಲ್ಲಿ ಅವತ್ತು ನಾನು, ಸಿರುಗುಪ್ಪದಿಂದ ಬಂದಿದ್ದ ಜೀನ್ಸ್ ಹೊಲಿಯುವ ಚಾಚಾ, ಅವರ ಹೆಂಡತಿ, ಮೂವರೇ ಇದ್ದೆವು. ಫೋಟೊ ನೋಡಿ ಮನಸ್ಸಿಗೆ ಬಂದರೆ ಕುರುಗೋಡಿನ ಅಂಗಡಿಯವರು ಹಬ್ಬದ ಆರ್ಡರನ್ನು ಚಾಚಾಗೇ ಕೊಡುವವರಿದ್ದರು.

ಬಿಳಿ ಪರದೆಯ ಹಿಂದೊಂದು, ಮುಂದೊಂದು ಫ್ಲ್ಯಾಶ್ ಇಟ್ಟು, ಪರದೆಯ ಮುಂದೆ ತೂಗುಹಾಕಿದ ಪ್ಯಾಂಟಿಗೆ ಬೆಳಕಳೆಯುವ ಮೀಟರ್ ಹಿಡಿದೆ.

“ಅದಕ್ಕೇನು ಜ್ವರ ಬಂದೈತೇನ್ರಿ?” ಎಂದರು ಚಾಚಾ.

ಮೊದಲ ಫೋಟೊದಲ್ಲಿ ಪರದೆಯ ಬೆಳಕು ಪ್ಯಾಂಟಿನ ಅಂಚಿಗೆಲ್ಲ ನುಗ್ಗಿ, ಪಕ್ಕದ ಕೇಸರಿ ಹೊಲಿಗೆಯೇ ಕಾಣಲಿಲ್ಲ. ಚಾಚಾ ಮುಖ ಗಂಟು ಹಾಕಿದರು.

“ನನ್ನ ಹೊಲಿಗಿ ಎಲ್ಲಿ ಹೋತ್ರಿ? ನನ್ನ ಆರ್ಡರ್ ತಪ್ಪಸಾಕ ಯಾರರ ಹೇಳಿಕೊಟ್ಟಾರೇನು ನಿಮಗ?”

“ಹಿಂದಿನ ಲೈಟು ಜಾಸ್ತಿ ಆಗೈತಿ ಚಾಚಾ.”

“ಲೈಟು ಹಚ್ಚಿದವ್ರು ನೀವ ಅಲ್ಲೇನು?” ಎಂದರು ಚಾಚಿ.

ಪ್ಯಾಂಟಿನ ಹಿಂದೆ ಹೋಗಿ, ಮೀಟರನ್ನು ಪರದೆಯ ಕಡೆ ತಿರುಗಿಸಿ ಅಳೆದು, ಹಿಂದಿನ ಫ್ಲ್ಯಾಶ್ ತಗ್ಗಿಸಿ ಮತ್ತೊಂದು ಫೋಟೊ ತೆಗೆದೆ. ಪರದೆ ಬೆಳ್ಳಗೇ ಉಳಿಯಿತು, ಹೊಲಿಗೆಯೂ ಎಳೆಎಳೆಯಾಗಿ ಮೂಡಿತು. ಇಬ್ಬರೂ ಫೋಟೊವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. ನನ್ನನ್ನು ನಂಬಿದಂತೆ ಮಾತ್ರ ಕಾಣಲಿಲ್ಲ.

ಆರ್ಡರ್ ಚಾಚಾಗೇ ಸಿಕ್ಕಿತು. ಮುಂದಿನ ಸಲ ಅವರು ಹೊಸ ಪ್ಯಾಂಟುಗಳ ಜೊತೆ ತಮ್ಮ ಭಾವಮೈದುನನನ್ನೂ ಕರೆತಂದು, ಪರದೆಯ ಹಿಂದೆ ಕಾವಲಿಗೆ ಕೂರಿಸಿದರು.